ಮರವಿಲ್ಲದ ಊರಿನಲ್ಲಿ ಮೊಸಳೆ ಪಿಚ್ಚರ್

ದೋಹಾ, ಇಳಿದ ಕೂಡಲೇ

ವಿದೇಶಕ್ಕೆ ಹೋಗುವವರು ಶೇಂಗಾ ಚಟ್ನಿ ಒಯ್ಯುತ್ತಾರೆ, ಕಟಕ ರೊಟ್ಟಿ ಒಯ್ಯುತ್ತಾರೆ, ಅಲ್ಲಿಯ ಹೆಣ್ಣುಮಕ್ಕಳಿಗೆಂದು ನಾಲ್ಕು ಖಣ ಒಯ್ಯುತ್ತಾರೆ. ನಾವೂ ಒಯ್ದೆವು. ಅದರ ಜೊತೆಗೆ ನಮ್ಮವರು ಮೊಳದುದ್ದದ ಒಂದು ತಗಡಿನ ಭೋಂಗಾ ಒಯ್ದರು. ಸಣ್ಣ ಬಾಯಿಯ ಕಡೆಯಿಂದ ಮಾತಾಡಿದರೆ ದೊಡ್ಡ ಬಾಯಿಯ ಕಡೆಯಿಂದ ಅರ್ಧ ಊರಿಗೆ ಕೇಳುವಂಥದು. ಬೇಡವೆಂದು ಹೇಳಿ ಹೇಳಿ ನನಗೇ ಬೇಸರ ಬಂತು. ಅವರು ಅದನ್ನು ನನ್ನ ಎರಡು ಇಳಕಲ್ ಸೀರೆಗಳಲ್ಲಿ ಸುತ್ತಿ, ಕೂಸನ್ನು ಮಲಗಿಸಿದ ಹಾಗೆ ಪೆಟ್ಟಿಗೆಯಲ್ಲಿ ಮಲಗಿಸಿದ್ದರು.

ದೋಹಾದಲ್ಲಿ ಆ ಪೆಟ್ಟಿಗೆ ತಪಾಸಣೆಯ ಯಂತ್ರದೊಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಇಬ್ಬರು ಅಧಿಕಾರಿಗಳು ಅದಕ್ಕಾಗಿ ಕಾದು ನಿಂತಿದ್ದರು. ಬೆಳ್ಳಗಿನ ಉದ್ದಂಗಿಯ ಹಿರಿಯ ಅಧಿಕಾರಿ ಭೋಂಗಾವನ್ನು ಎರಡು ಬೆರಳಲ್ಲಿ ಎತ್ತಿ, ಇದೇನು ಎಂದು ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದ. ಗುಳೇದಗುಡ್ಡದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಉತ್ತರ ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಮ್ಮವರು ಭೋಂಗಾ ಇಸಿದುಕೊಂಡು ಬಾಯಿಗಿಟ್ಟು, "ಬರ್ರಿ, ಬರ್ರಿ, ಬರ್ರಿ. ಮೊದಲನೇ ಆಟ ಶುರು ಆಗಾಕತ್ತೈತಿ" ಎಂದು ಒಂದು ಕೂಗು ಹಾಕಿಯೇಬಿಟ್ಟರು.

ಅಷ್ಟು ದೊಡ್ಡ ನಿಲ್ದಾಣ ಒಂದು ಕ್ಷಣ ಸ್ತಬ್ಧವಾಯಿತು. ಟ್ರಾಲಿಗಳು ನಿಂತವು. ನಮ್ಮನ್ನು ಒಳಗೇ ಹಾಕುತ್ತಾರೆ, ಸಾಯುವ ಕಾಲಕ್ಕೆ ಅರಬ್ಬರ ಜೈಲಿನ ಊಟ ನನ್ನ ಹಣೆಯಲ್ಲಿ ಬರೆದಿದೆ ಎಂದುಕೊಂಡೆ. ಅಧಿಕಾರಿ ಮಾತ್ರ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ ನಕ್ಕ, ಭೋಂಗಾವನ್ನು ತಾನೇ ಸೀರೆಯಲ್ಲಿ ಸುತ್ತಿ ಕೊಟ್ಟ. ಸುತ್ತಿದ್ದು ನಮ್ಮವರಿಗಿಂತ ಚೆನ್ನಾಗಿತ್ತು.

ಈ ಭೋಂಗಾದ ಹಿನ್ನೆಲೆ ಹೇಳಬೇಕು. ಮದುವೆಗೆ ಮುಂಚೆ ನಮ್ಮವರು ನಾಲ್ಕು ಹಂಗಾಮು ಟೆಂಟ್ ಸಿನೆಮಾದ ಜೊತೆ ಊರೂರು ತಿರುಗಿದವರು. ಇಂಗ್ಲಿಷ್ ಪಿಚ್ಚರ್ ಬಂದರೆ ಜನರಿಗೆ ಭಾಷೆ ತಿಳಿಯುವುದಿಲ್ಲವಲ್ಲ, ಪರದೆಯ ಪಕ್ಕ ಕತ್ತಲಲ್ಲಿ ಒಬ್ಬ ನಿಂತು ಕನ್ನಡದಲ್ಲಿ ಕತೆ ಬಿಡಿಸಿ ಹೇಳುತ್ತಿದ್ದ. ಆ ಒಬ್ಬ ಇವರು. ಸುತ್ತ ಹಳ್ಳಿಗಳಲ್ಲಿ ಭೋಂಗಾ ಗುರಪ್ಪ ಎಂದೇ ಹೆಸರು. ಇವರಿಗೆ ಆಗ ಇಂಗ್ಲಿಷ್ ಎಷ್ಟು ಬರುತ್ತಿತ್ತು ಎಂದರೆ ಯೆಸ್ ಮತ್ತು ನೋ. ಮೂರನೆಯದು ಥ್ಯಾಂಕ್ಯೂ, ಅದನ್ನು ಮದುವೆಯಾದ ಮೇಲೆ ನಾನು ಕಲಿಸಿದೆ. ಮತ್ತೆ ಕತೆ ಹೇಗೆ ತಿಳಿಯುತ್ತಿತ್ತು ಎಂದು ನಾನು ಕೇಳಿದಾಗಲೆಲ್ಲ, ಚಿತ್ರ ನೋಡಿದರೆ ಕಣ್ಣಿದ್ದವರಿಗೆ ತಿಳಿಯುತ್ತದೆ ಎಂದು ನನ್ನ ಕನ್ನಡಕದ ಕಡೆ ನೋಡುತ್ತಿದ್ದರು.

ನಾವು ಕತಾರಿಗೆ ಬಂದದ್ದೂ ಈ ಕೆಲಸದ ಮೇಲೆಯೇ. ನಮ್ಮವರ ತಂಗಿಯ ಮಗ ಮಂಜುನಾಥ ಇಲ್ಲಿ ಅನಿಲದ ಸ್ಥಾವರವೊಂದರಲ್ಲಿ ಸೇಫ್ಟಿ ನೋಡಿಕೊಳ್ಳುತ್ತಾನೆ. ಅವನ ಹಿರಿಯ ಗೆಳೆಯ ಈರಣ್ಣ, ಬಾದಾಮಿ ಕಡೆಯವರು, ಪೈಪ್‌ಲೈನಿನ ಫೋರ್‌ಮನ್. ಮೂವತ್ತು ವರ್ಷ ದುಡಿದು ಇನ್ನು ಖಲಾಸ್ ಎಂದು ಊರಿಗೆ ಹೊರಟಿದ್ದರು. ಗೆಳೆಯರೆಲ್ಲ ಸೇರಿ ಬೀಳ್ಕೊಡುಗೆ ಮಾಡುತ್ತೇವೆ, ಏನು ಬೇಕು ಎಂದು ಕೇಳಿದರಂತೆ. ಶಾಲೂ ಬೇಡ, ಹಾರವೂ ಬೇಡ, ತಾವು ಹತ್ತು ವರ್ಷದವರಿದ್ದಾಗ ಟೆಂಟಿನಲ್ಲಿ ನೋಡಿದ ಮೊಸಳೆ ಪಿಚ್ಚರನ್ನು ಇನ್ನೊಮ್ಮೆ ನೋಡಬೇಕು, ಆಗ ಒಬ್ಬರು ಭೋಂಗಾದಲ್ಲಿ ಕತೆ ಹೇಳುತ್ತಿದ್ದರು, ಹಾಗೆಯೇ ಕೇಳಬೇಕು ಎಂದರಂತೆ. ಮಂಜು ಎದ್ದು ನಿಂತು, ಆ ಭೋಂಗಾ ನಮ್ಮ ಸೋದರಮಾವನದು ಎಂದ. ವಿಮಾನದ ಟಿಕೆಟ್ಟು ಹೀಗೆ ಬಂತು.

ಅಲ್ ವುಕೈರ್

ಮಂಜುವಿನ ಮನೆ ಅಲ್ ವುಕೈರಿನಲ್ಲಿ, ನಾಲ್ಕನೆಯ ಮಹಡಿ. ಕಿಟಕಿಯಿಂದ ನೋಡಿದರೆ ಮರಳು, ಕ್ರೇನು, ಮತ್ತೆ ಅದೇ ಅಚ್ಚಿನಲ್ಲಿ ತೆಗೆದ ಹತ್ತು ಕಟ್ಟಡಗಳು. ನಮ್ಮವರು ಬಹಳ ಹೊತ್ತು ನೋಡಿ, ಕಾಡಿನ ಪಿಚ್ಚರ್ ತೋರಿಸಲು ಒಳ್ಳೆಯ ಊರನ್ನೇ ಆರಿಸಿದ್ದಾರೆ ಎಂದರು. ನಮ್ಮೂರಲ್ಲಿ ಮರಕ್ಕೊಂದು ಕಟ್ಟೆ ಇದ್ದರೆ ಇಲ್ಲಿ ಮರಕ್ಕೊಂದು ನಳ ಇದೆ. ಒಂದೊಂದು ಗಿಡದ ಬುಡಕ್ಕೂ ಕರಿ ಪೈಪು ಎಳೆದು ಹನಿ ಹನಿ ನೀರು ಕೊಡುತ್ತಾರೆ. ಸರಕಾರಕ್ಕೆ ಪ್ರತಿಯೊಂದು ಮರದ ಖಾಸಾ ಪರಿಚಯವಿದ್ದಂತೆ ಕಾಣುತ್ತದೆ. ನಮ್ಮ ಕಡೆ ಮನುಷ್ಯರಿಗೂ ವಾರಕ್ಕೊಮ್ಮೆ ನೀರು ಬಿಡುವಾಗ ಇದನ್ನು ನೋಡಿ ನನಗೆ ಆ ಗಿಡಗಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಎರಡನೆಯ ದಿನ ಬೆಳಿಗ್ಗೆ ನಮ್ಮವರು ಗಾಳಿಗೆಂದು ಕೆಳಗಿಳಿದು ರಸ್ತೆಯ ಅಂಚಿಗೆ ನಿಂತರು. ಒಂದು ದೊಡ್ಡ ಬಿಳಿ ಕಾರು ನಿಂತು, ದಾಟಿರಿ ಎಂದು ಕೈಮಾಡಿತು. ಇವರಿಗೆ ದಾಟುವ ಕೆಲಸವೇನೂ ಇರಲಿಲ್ಲ. ಆದರೂ ಯಾರೋ ಪಾಪ ತಮಗಾಗಿ ಕಾರು ನಿಲ್ಲಿಸಿದ್ದಾರೆ, ಮರ್ಯಾದೆಗೆಟ್ಟವರ ಹಾಗೆ ನಿಲ್ಲಬಾರದೆಂದು ದಾಟಿದರು. ದಾಟಿದ ಮೇಲೆ ಈ ಕಡೆ ಬರಬೇಕಲ್ಲ, ಅಂಚಿಗೆ ನಿಂತರೆ ಇನ್ನೊಂದು ಕಾರು ನಿಂತಿತು. ನಾನು ಮೇಲಿನಿಂದ ನೋಡುತ್ತಿದ್ದೆ. ನಾಲ್ಕು ಸಲ ಅತ್ತ ಇತ್ತ ಹೋಗಿ, ಕೊನೆಗೆ ಕಾರು ಕಾಣದಂತೆ ಗೋಡೆಯ ಮರೆಯಲ್ಲಿ ನಿಂತುಕೊಂಡರು. ನಮ್ಮೂರ ಬಸ್‌ಸ್ಟ್ಯಾಂಡಿನೆದುರು ದಾಟುವಾಗ ಕಾರುಗಳು ಇವರನ್ನು ಓಡಿಸುತ್ತಿದ್ದವು. ಇಲ್ಲಿ ಸತ್ಕಾರ ಮಾಡಿ ಓಡಿಸಿದವು.

ಮಂಜುವಿಗೆ ಆ ಪಿಚ್ಚರ್ ಹುಡುಕುವುದೇ ದೊಡ್ಡ ತಲೆನೋವಾಗಿತ್ತಂತೆ. ಅದರ ಇಂಗ್ಲಿಷ್ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮವರು ಫೋನಿನಲ್ಲಿ ಹೇಳಿದ ಕತೆ ಇಷ್ಟು: ಅಣ್ಣ, ತಮ್ಮ, ತಂಗಿ ಮೂವರು ಕಳೆದುಹೋದ ತಂದೆಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಅಂಥ ಪಿಚ್ಚರ್ ಇಂಟರ್ನೆಟ್ಟಿನಲ್ಲಿ ಎಲ್ಲಿಯೂ ಇಲ್ಲ. ಕಡೆಗೆ ಈರಣ್ಣನವರು, ಕತೆ ಬಿಡು, ಉದ್ದ ಬೂಟಿನ ಹೆಂಗಸು, ಹಗ್ಗದ ಸೇತುವೆ, ನಾಲ್ಕು ಸಲ ಅದೇ ದಿಕ್ಕಿನಿಂದ ನೀರಿಗಿಳಿಯುವ ಮೊಸಳೆ ಇವನ್ನು ಹುಡುಕು ಎಂದರಂತೆ. ಒಂದೇ ತಾಸಿನಲ್ಲಿ ಸಿಕ್ಕಿತು. ಹಾಲಿವುಡ್ಡಿನ ಹಳೆಯ ಕಪ್ಪುಬಿಳುಪು ಪಿಚ್ಚರ್. ಕತೆ ಹೇಳಿದರೆ ಸಿಗದ್ದು ಮೊಸಳೆ ಹೇಳಿದರೆ ಸಿಕ್ಕಿತಲ್ಲ ಎಂದು ಆಗಲೇ ನನಗೆ ಸಂಶಯ ಬರಬೇಕಿತ್ತು.

ಈರಣ್ಣನವರು ಅಂದು ಸಂಜೆಯೇ ಖರ್ಜೂರದ ಡಬ್ಬಿ ಹಿಡಿದು ಬಂದರು. ಆಳು ಎತ್ತರ, ಕೈಯೆಲ್ಲ ಬೆಸುಗೆಯ ಕಿಡಿ ಸುಟ್ಟ ಕಲೆ. ಸೋಫಾದ ತುದಿಗೆ ಕೂತು ನಮ್ಮವರ ಮುಖವನ್ನೇ ನೋಡಿದರು. ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ, ಆ ಹುಡುಗ ಕಂಡದ್ದು ಪರದೆಯನ್ನು, ಇವರು ಕತ್ತಲಲ್ಲಿದ್ದವರು. ಆಮೇಲೆ ಅವರು ಬಹಳ ಸಂಕೋಚದಿಂದ, ತಪ್ಪು ತಿಳಿಯಬೇಡಿ, ಒಮ್ಮೆ ಅಡಿಗೆಮನೆಯೊಳಗೆ ಹೋಗಿ ಅಲ್ಲಿಂದ ಒಂದೆರಡು ಮಾತಾಡುತ್ತೀರಾ ಎಂದು ಕೇಳಿದರು. ನಮ್ಮವರು ಹೋಗಿ ಫ್ರಿಜ್ಜಿನ ಪಕ್ಕ ನಿಂತು ಮೊಸಳೆ ನೀರಿಗಿಳಿಯುವ ಪ್ರಸಂಗ ಹೇಳಿದರು. ಮಂಜುವಿನ ಹೆಂಡತಿ ಸ್ಮಿತಾ, ಮೈಸೂರಿನ ಹುಡುಗಿ, ಒಲೆಯ ಮೇಲಿನ ಹಾಲು ಉಕ್ಕಿದ್ದನ್ನೂ ಮರೆತು ನೋಡುತ್ತ ನಿಂತಳು. ಹೊರಗೆ ಈರಣ್ಣ ಕಣ್ಣು ಮುಚ್ಚಿಕೊಂಡು ಕೇಳಿ, "ಇವರ ರೀ. ಇದ ದನಿ" ಎಂದರು. ಕಣ್ಣಲ್ಲಿ ನೀರಿತ್ತು.

ಚಹಾ ಕುಡಿಯುತ್ತ ಅವರು ಹಗ್ಗದ ಸೇತುವೆಯ ಪ್ರಸಂಗ ಹೇಳಿದರು. ತಮ್ಮ, ತಂಗಿ ಆಚೆ ದಡ ಮುಟ್ಟಿದ್ದಾರೆ. ಅಣ್ಣ ಸೇತುವೆಯ ನಡುವೆ ನಿಂತಿದ್ದಾನೆ. ಹಿಂದಿನಿಂದ ದೈತ್ಯ ಮಂಗ ಬರುತ್ತಿದೆ, ಅದೂ ದಾಟಿದರೆ ಎಲ್ಲರೂ ಸತ್ತಂತೆ. ಅಣ್ಣ ಚಾಕು ತೆಗೆದು ತಾನು ನಿಂತ ಸೇತುವೆಯ ಹಗ್ಗವನ್ನೇ ಕಡಿಯುತ್ತಾನೆ. ಕಡಿಯುವ ಮುಂಚೆ ತಮ್ಮನಿಗೆ ಒಂದು ಮಾತು ಹೇಳುತ್ತಾನೆ.

"ಹಿಂದ ನೋಡಬ್ಯಾಡ ತಮ್ಮಾ. ನೀ ನಡಿ. ಇಲ್ಲೀದು ನಾ ನೋಡಕೋತೀನಿ," ಎಂದು ಈರಣ್ಣ ಒಂದಕ್ಷರ ಬಿಡದೆ ಹೇಳಿದರು. "ನಮ್ಮಪ್ಪ ತೀರಿಕೊಂಡಾಗ ನನ್ನ ತಮ್ಮ ಓದೂದು ಬಿಡ್ತೀನಿ ಅಂದ್ರಿ. ನಾ ಅವಗ ಇದ ಮಾತು ಹೇಳಿದೆ. ಈಗ ಅವ ಹುಬ್ಬಳ್ಳ್ಯಾಗ ಡಾಕ್ಟರ್ ಅದಾನ. ನಾ ಇಲ್ಲಿ ಬಿಸಲಾಗ ನಿಂತು ಸಾಕಾದಾಗೆಲ್ಲ ಆ ಅಣ್ಣನ್ನ ನೆನಸ್ತಿದ್ದೆ. ಅವ ಹಗ್ಗಾನ ಕಡದಾನ, ನಂದೇನ ಮಹಾ ಅಂತ."

ನಮ್ಮವರು ಚಹಾದ ಬಸಿಯನ್ನು ಕೆಳಗಿಟ್ಟು ಕಣ್ಣು ತಗ್ಗಿಸಿದರು. ಹೊಗಳಿಕೆಗೆ ನಾಚಿದ್ದಾರೆಂದು ನಾನು ತಿಳಿದೆ. ಈ ಮನುಷ್ಯ ನಾಚಿದ್ದನ್ನು ನಲವತ್ತಾರು ವರ್ಷಗಳಲ್ಲಿ ಮೊದಲ ಸಲ ನೋಡಿದ್ದರಿಂದ, ಊರಿಗೆ ಹೋಗಿ ಯಾರಿಗೆಲ್ಲ ಹೇಳಬೇಕೆಂದು ಲೆಕ್ಕ ಹಾಕಿದೆ.

ಮುಶೈರಿಬ್

ಸ್ಮಿತಾ ಒಂದು ದಿನ ರಜೆ ಹಾಕಿ ನಮ್ಮನ್ನು ಮುಶೈರಿಬಿಗೆ ಕರೆದುಕೊಂಡು ಹೋದಳು. ಊರ ನಡುವಿನ ಹಳೆಯ ಪೇಟೆಯನ್ನು ಕಿತ್ತು ಹೊಸದಾಗಿ ಕಟ್ಟಿದ್ದಾರೆ. ನೆಲ ಎಷ್ಟು ಸ್ವಚ್ಛವೆಂದರೆ ನಮ್ಮವರು ಚಪ್ಪಲಿ ಬಿಡಬೇಕೇನೋ ಎಂದು ಕೇಳಿದರು. ಅಲ್ಲೊಂದು ಸಣ್ಣ ಟ್ರಾಮು ಓಡಾಡುತ್ತದೆ. ಹತ್ತಲು ದುಡ್ಡಿಲ್ಲ. ದುಡ್ಡಿಲ್ಲದೆ ಹತ್ತಿದ ಗಾಡಿಯಿಂದ ಇಳಿಯಲು ಮಾತ್ರ ನಮ್ಮವರಿಗೆ ಮನಸ್ಸು ಬರಲಿಲ್ಲ. ನಾನೂ ಸ್ಮಿತಾಳೂ ಇಳಿದು ಕಾಫಿಗೆ ಕೂತರೆ ಇವರು ಒಳಗೇ ಉಳಿದರು. ಗಾಡಿ ಸುತ್ತು ಹೊಡೆದು ಅಲ್ಲಿಗೇ ಬರುತ್ತದೆಯಾದ್ದರಿಂದ ಕಳೆದುಹೋಗುವ ಹೆದರಿಕೆ ಇರಲಿಲ್ಲ. ಮೊದಲ ಸುತ್ತಿನಲ್ಲಿ ಒಬ್ಬರೇ ಕೂತಿದ್ದರು. ಎರಡನೆಯ ಸುತ್ತಿನಲ್ಲಿ ಪಕ್ಕದಲ್ಲಿ ಫಿಲಿಪೀನ್ಸಿನ ಒಬ್ಬ ಹೆಂಗಸು ಕೂತಿದ್ದಳು, ಇವರು ಕೈಯೆತ್ತಿ ಏನೋ ಹೇಳುತ್ತಿದ್ದರು. ಮೂರನೆಯ ಸುತ್ತಿನಲ್ಲಿ ಅವಳು ಕೈಯೆತ್ತಿ ಹೇಳುತ್ತಿದ್ದಳು, ಇವರು ತಲೆದೂಗುತ್ತಿದ್ದರು.

ಇಳಿದು ಬಂದ ಮೇಲೆ, ಆಕೆಗೆ ಕನ್ನಡದಲ್ಲಿ ಮೊಸಳೆಯ ಕತೆ ಹೇಳಿದೆ, ಆಕೆ ತನ್ನ ಮಗಳ ಮದುವೆಯ ಕತೆ ಹೇಳಿದಳು ಎಂದರು. ಅವಳ ಭಾಷೆ ನಿಮಗೆ ಹೇಗೆ ತಿಳಿಯಿತು, ಮದುವೆ ಎಂದು ಯಾರು ಹೇಳಿದರು ಎಂದು ಕೇಳಿದೆ. ಮುಖ ನೋಡಿದರೆ ತಿಳಿಯುತ್ತದೆ ಎಂದರು. ನನಗೆ ಅವಳು ಹಲ್ಲುನೋವಿನ ವಿಷಯ ಹೇಳಿದಂತೆ ಕಂಡಿತ್ತು.

ಹೀಗೆ ದಿನ ಕಳೆಯುತ್ತಿದ್ದರೂ ಮಂಜು ಹುಡುಕಿಟ್ಟ ಪಿಚ್ಚರನ್ನು ಇವರು ಒಮ್ಮೆಯೂ ಹಾಕಿ ನೋಡಲಿಲ್ಲ. ಕತೆ ಬಾಯಿಪಾಠ ಇದೆ ಎಂಬ ಜಂಬ. ಶುಕ್ರವಾರ ಆಟ. ಬುಧವಾರ ಮಧ್ಯಾಹ್ನ ಇವರು ಊಟ ಮಾಡಿ ಗೊರಕೆ ಹೊಡೆಯುತ್ತಿದ್ದಾಗ, ನಾನಾದರೂ ನೋಡೋಣವೆಂದು ಮಂಜುವಿನ ಲ್ಯಾಪ್‌ಟಾಪ್ ತೆರೆದು ಕೂತೆ.

ಮತ್ತೆ ಅಲ್ ವುಕೈರ್

ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯಿತು, ಅಣ್ಣನೂ ಇಲ್ಲ, ತಮ್ಮನೂ ಇಲ್ಲ, ತಂಗಿಯಂತೂ ಇಲ್ಲವೇ ಇಲ್ಲ. ಉದ್ದ ಬೂಟಿನ ಹೆಂಗಸು ಒಬ್ಬ ಪ್ರೊಫೆಸರನ ಮಗಳು. ಇವರು ತಮ್ಮನೆಂದು ಹೇಳುತ್ತಿದ್ದ ಹುಡುಗ ಅವಳ ಪ್ರಿಯಕರ. ಇವರ ಅಣ್ಣ, ಆ ದಪ್ಪ ಮೀಸೆಯವನು, ಕೂಲಿಗೆ ಬಂದ ದಾರಿ ತೋರಿಸುವವನು, ಪಕ್ಕಾ ಕಳ್ಳ. ಪಾಳುಗುಡಿಯ ಮೂರ್ತಿಯ ಹಣೆಯ ಹರಳು ಕದಿಯಲು ಹೊಂಚು ಹಾಕಿದವನು. ಸೇತುವೆಯ ಮೇಲೆ ಅವನು ಹರಳನ್ನು ಜೇಬಿಗೆ ಹಾಕಿಕೊಂಡು ನಿಂತು, ಆಚೆ ದಡದವರಿಗೆ, ಇದು ನನ್ನದು, ನಿಮಗೆ ಕೊಡುವುದಕ್ಕಿಂತ ಹೊಳೆಗೆ ಹಾರುತ್ತೇನೆ ಎಂದು ಬೈಯುತ್ತಾನೆ. ಮಂಗನನ್ನು ತಡೆಯಲು ಹಗ್ಗ ಕಡಿಯುತ್ತಾನೆ, ಲೆಕ್ಕ ತಪ್ಪಿ ತಾನೇ ಬಿದ್ದು ಮೊಸಳೆಯ ಬಾಯಿಗೆ ಹೋಗುತ್ತಾನೆ.

ನಾನು ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನನ್ನ ಗಂಡ ಮನೆತನಸ್ಥ. ಪರದೆಯ ಮೇಲೆ ಒಬ್ಬ ಹೆಂಗಸು ಇಬ್ಬರು ಗಂಡಸರ ಜೊತೆ ಕಾಡಿಗೆ ಹೊರಟದ್ದು ಕಂಡರೆ, ಅವರನ್ನು ಅಣ್ಣತಮ್ಮಂದಿರು ಮಾಡದೆ ಇವರ ಮನಸ್ಸಿಗೆ ಸಮಾಧಾನವಿಲ್ಲ. ಟೆಂಟಿನಲ್ಲಿ ಹೆಣ್ಣುಮಕ್ಕಳು ಬೇರೆ ಕೂತಿರುತ್ತಾರೆ. ಇಡೀ ಹಾಲಿವುಡ್ಡನ್ನು ಇವರು ಗುಳೇದಗುಡ್ಡದ ಒಂದು ಮರ್ಯಾದಸ್ಥ ಕುಟುಂಬ ಮಾಡಿಬಿಟ್ಟಿದ್ದರು.

ಎದ್ದು ಬಂದವರಿಗೆ ಚಹಾ ಕೊಡುತ್ತ, "ಏನ್ರೀ, ನಿಮ್ಮ ಅಣ್ಣ ಕಳ್ಳ ಅದಾನಲ್ರೀ" ಎಂದೆ. ಎಲ್ಲವನ್ನೂ ಹೇಳಿದೆ, ಬೈಗುಳವನ್ನೂ ಬಿಡಲಿಲ್ಲ. ಇವರೂ ನಗುತ್ತಾರೆ, ಇಲ್ಲವಾದರೆ ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಮುಖ ಬಾಡಿತು. ಚಹಾ ಹಾಗೇ ಉಳಿಯಿತು. ಈರಣ್ಣನ ಮಾತು ಅಷ್ಟರಲ್ಲಿ ನನಗೂ ನೆನಪಾಯಿತು, ನಗು ಅಲ್ಲಿಗೇ ನಿಂತಿತು.

ಸಂಜೆ ಮಂಜು ಬಂದು ವಿಷಯ ಕೇಳಿ, ಮಾಮಾ, ಅದಕ್ಕೇನಂತೆ, ಸೌಂಡ್ ಪೂರ್ತಿ ಬಂದ್ ಮಾಡುತ್ತೇನೆ, ನೀವು ನಿಮ್ಮ ಕತೆಯನ್ನೇ ಹೇಳಿರಿ, ಯಾರಿಗೆ ಗೊತ್ತಾಗುತ್ತದೆ ಎಂದ. ನಾನೂ ಹೌದೆಂದೆ. ಮೂವತ್ತು ವರ್ಷ ಒಬ್ಬ ಮನುಷ್ಯ ನಂಬಿ ಬದುಕಿದ್ದನ್ನು ಹೊರಡುವ ದಿನ ಕಿತ್ತು ಕೈಗೆ ಕೊಡುವುದು ಯಾವ ಪುರುಷಾರ್ಥ ಎಂದೆ. ನಮ್ಮವರು ಬಹಳ ಹೊತ್ತು ಕಿಟಕಿಯ ಹೊರಗೆ ಕ್ರೇನು ನೋಡಿದರು.

"ಗೊತ್ತಿಲ್ಲದ ಹೇಳಿದ್ದು ಕತಿ ಆತು," ಎಂದರು. "ಗೊತ್ತಿದ್ದೂ ಹೇಳಿದ್ರ ಅದು ಮೋಸ ಆಗತೈತಿ. ಆ ಮನಷ್ಯಾ ನನ್ನ ದನಿ ನಂಬ್ಯಾನ."

ಹಾಗಾದರೆ ಶುಕ್ರವಾರ ಏನು ಮಾಡುತ್ತೀರಿ ಎಂದರೆ ಎದ್ದು ಒಳಗೆ ಹೋದರು. ಗುರುವಾರವಿಡೀ ಮಾತಿಲ್ಲ. ರಸ್ತೆಗೂ ಇಳಿಯಲಿಲ್ಲ. ನಾನು ನಕ್ಕದ್ದರ ಬಗ್ಗೆ ನನಗೇ ಕೆಟ್ಟದೆನಿಸಿತು. ಆದರೂ ನನಗೊಂದು ಬಗೆಹರಿಯಲಿಲ್ಲ. ಪಿಚ್ಚರಿನವನು ಕಳ್ಳನಾದರೆ ಇವರಿಗೆ ಇಷ್ಟೇಕೆ ನಾಟಬೇಕು?

ಐನ್ ಖಾಲಿದ್

ಶುಕ್ರವಾರ ಇಲ್ಲಿ ವಾರದ ರಜೆ. ಐನ್ ಖಾಲಿದಿನಲ್ಲಿ ಈರಣ್ಣನ ಗೆಳೆಯರೊಬ್ಬರ ಮನೆಯ ಅಂಗಳದಲ್ಲಿ ಎರಡು ಬಿಳಿ ಚಾದರ ಜೋಡಿಸಿ ಹೊಲಿದು ಕಟ್ಟಿದ್ದರು. ಅರವತ್ತು ಜನ ಸೇರಿದ್ದರು. ಬಿಜಾಪುರ, ಬಾಗಲಕೋಟೆ ಕಡೆಯ ಪ್ಲಾಂಟಿನವರು ಮುಂದೆ ಚಾಪೆಯ ಮೇಲೆ ಕೂತರು. ಬೆಂಗಳೂರು, ಮೈಸೂರಿನ ಆಫೀಸಿನವರು ಹಿಂದೆ ಕುರ್ಚಿಯ ಮೇಲೆ ಕೂತರು. ಮಂಗಳೂರಿನವರು ನಡುವೆ ನಿಂತು ತುಳುವಿನಲ್ಲಿ ಏನೋ ಹೇಳಿಕೊಂಡು ನಕ್ಕರು. ಚಾಪೆ, ಕುರ್ಚಿ, ನಿಂತವರು, ಇದು ನಮ್ಮ ಟೆಂಟಿನ ದರ್ಜೆಗಳ ಹಾಗೆಯೇ ಇದೆ ಎಂದು ನಮ್ಮವರು ಎರಡು ದಿನಗಳ ಮೇಲೆ ಮೊದಲ ಮಾತಾಡಿದರು. ಡಿಸೆಂಬರಿನ ತಂಪು ಗಾಳಿಗೆ ಪರದೆ ಉಬ್ಬಿ ಇಳಿಯುತ್ತಿತ್ತು. ದೂರದ ಮಸೀದಿಯ ಬಾಂಗು ಮುಗಿಯುವ ತನಕ ಎಲ್ಲರೂ ಕಾದರು. ಆಮೇಲೆ ಯಾರೋ ಯಲ್ಲಾ ಎಂದರು, ದೀಪ ಆರಿತು, ಮಂಜು ಸೌಂಡ್ ಬಂದ್ ಮಾಡಿ ಪಿಚ್ಚರ್ ಹಚ್ಚಿದ.

ನಮ್ಮವರು ಮೈಕು ಬೇಡವೆಂದು ಭೋಂಗಾ ಹಿಡಿದು ಪರದೆಯ ಎಡಕ್ಕೆ ಕತ್ತಲಲ್ಲಿ ನಿಂತರು. ಈರಣ್ಣ ಮೊದಲನೆಯ ಚಾಪೆಯಲ್ಲಿ, ಮೊಣಕಾಲು ಅಪ್ಪಿಕೊಂಡು ಕೂತಿದ್ದರು.

ಈ ಕೆಲಸ ನನಗೆ ಕೇಳಿ ಗೊತ್ತಿತ್ತೇ ಹೊರತು ಎಂದೂ ನೋಡಿರಲಿಲ್ಲ. ನೋಡಿ ಬೆಕ್ಕಸ ಬೆರಗಾದೆ ಎಂದು ಒಪ್ಪಿಕೊಳ್ಳಲೇಬೇಕು. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಲು ಮೂರು ಸಲ ತಡವರಿಸುವ ಮನುಷ್ಯ, ಇಲ್ಲಿ ಆನೆಯ ಮಾತು ಆಡಿದರು, ಕೂಲಿಗಳ ಮಾತು ಆಡಿದರು, ಬೂಟಿನ ಹೆಂಗಸಿನ ದನಿಯಲ್ಲಿ, ಅಯ್ಯ, ರೊಟ್ಟಿ ಬುತ್ತಿ ಮರೆತು ಬಂದೆನಲ್ಲ ಎಂದರು. ಮೊಸಳೆ ಎರಡನೆಯ ಸಲ ಬಂದಾಗ, ಇದು ಮೊದಲಿನ ಮೊಸಳೆಯ ಬೀಗರ ಪೈಕಿ ಎಂದರು. ಮೂರನೆಯ ಸಲ ಬಂದಾಗ ಇಡೀ ಚಾಪೆ ಒಟ್ಟಿಗೆ ಬೀಗರು ಬಂದರು ಎಂದು ಕೂಗಿತು. ಪ್ರಿಯಕರ ಹೆಂಗಸಿಗೆ ಮುತ್ತು ಕೊಡುವಲ್ಲಿ, ಅವಳ ಕಣ್ಣಿಗೆ ಕಸ ಬಿದ್ದಿದೆ, ತಮ್ಮ ಊದಿ ತೆಗೆಯುತ್ತಿದ್ದಾನೆ ಎಂದರು. ಇಂಗ್ಲಿಷ್ ಶಾಲೆಯ ಮಕ್ಕಳು ನೆಲಕ್ಕೆ ಬಿದ್ದು ನಕ್ಕವು. ಕುರ್ಚಿಯವರು ಕುರ್ಚಿ ಬಿಟ್ಟು ಚಾಪೆಗೆ ಬಂದರು.

ನನಗೆ ಮಾತ್ರ ನಗಲಾಗಲಿಲ್ಲ. ಇವರು ಅಣ್ಣ ತಮ್ಮ ಎಂದೇ ಹೇಳುತ್ತಿದ್ದಾರೆ, ಹಾಗಾದರೆ ಹಳೆಯದನ್ನೇ ಹೇಳುವುದೆಂದು ಮನಸ್ಸು ಮಾಡಿದ್ದಾರೆಯೇ, ಇಲ್ಲವೇ ಎಂದು ಸೆರಗಿನ ತುದಿ ತಿರುವುತ್ತ ಕೂತಿದ್ದೆ. ಪರದೆಯ ಮೇಲೆ ಹಗ್ಗದ ಸೇತುವೆ ಬಂತು. ಇಬ್ಬರು ಆಚೆ ದಡ ಮುಟ್ಟಿದರು. ಮೀಸೆಯವನು ನಡುವೆ ನಿಂತು ಚಾಕು ತೆಗೆದ.

ಭೋಂಗಾದಿಂದ, ಮಂಜೂ, ನಿಲ್ಲಿಸು ಎಂಬ ಮಾತು ಬಂತು. ಮಂಜು ಪಿಚ್ಚರ್ ನಿಲ್ಲಿಸಿದ. ಮೀಸೆಯವನು ಚಾಕು ಎತ್ತಿಕೊಂಡು ಹಾಗೇ ನಿಂತ. ನಮ್ಮವರು ಭೋಂಗಾ ಕೆಳಗಿಟ್ಟು ಪರದೆಯ ಬೆಳಕಿಗೆ ಬಂದರು.

"ಈರಣ್ಣಾರ," ಎಂದರು. "ನಾ ನಿಮಗ ತಪ್ಪು ಹೇಳೇನಿ. ಇವ ಅಣ್ಣ ಅಲ್ಲ. ಇವ ಕಳ್ಳ. ನನಗ ಇಂಗ್ಲಿಷ್ ಬರ್ತಿದ್ದಿಲ್ಲ. ನಾ ಹೇಳಿದ ಮಾತು ಇವ ಆಡೇ ಇಲ್ಲ."

ಈರಣ್ಣ ಪರದೆ ನೋಡಿದರು, ಇವರನ್ನು ನೋಡಿದರು. ಎದ್ದು ಹೋಗಿಬಿಡುತ್ತಾರೆಂದು ನಾನು ಹೆದರಿದೆ. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಿನದೇನೋ ಇತ್ತು, ದಾರಿಯಲ್ಲಿ ಜೇಬು ಮುಟ್ಟಿ ಖಾಲಿ ಕಂಡವರ ಮುಖದ ಹಾಗೆ. ಆಮೇಲೆ, "ಹಂಗಾರ ಆ ಮಾತು ಯಾರದು?" ಎಂದು ಕೇಳಿದರು.

ನಮ್ಮವರು ನಿಂತಲ್ಲೇ ಹೇಳಿದರು. ತಾವು ಏಳನೆಯ ಇಯತ್ತೆಯಲ್ಲಿದ್ದಾಗ ತಂದೆ ತೀರಿಕೊಂಡರು. ಮನೆಯಲ್ಲಿ ಇದ್ದದ್ದು ಒಂದು ಮಗ್ಗ, ಇಬ್ಬರು ಹುಡುಗರು. ಒಬ್ಬರು ಶಾಲೆ ಬಿಟ್ಟು ಮಗ್ಗದ ಕುಣಿಗೆ ಇಳಿಯಬೇಕು, ಇಲ್ಲವಾದರೆ ಒಲೆ ಹೊತ್ತುವುದಿಲ್ಲ. ತಾವು ಪಾಟಿಚೀಲ ಮೂಲೆಗಿಟ್ಟು ಕುಣಿಯ ಹತ್ತಿರ ಹೋದರೆ ಅಣ್ಣ ಆಗಲೇ ಇಳಿದು ಕೂತಿದ್ದ. ಅಣ್ಣ ಮೆಟ್ರಿಕ್ಕಿನಲ್ಲಿದ್ದ, ಇಡೀ ಶಾಲೆಗೆ ಜಾಣ. ಅವನು ಲಾಳಿಯಿಂದ ಕಣ್ಣೆತ್ತದೆ ಆ ಮಾತು ಹೇಳಿದ.

"ಹಿಂದ ನೋಡಬ್ಯಾಡ, ಇಲ್ಲೀದು ನಾ ನೋಡಕೋತೀನಿ ಅಂದಾಂವ ನಮ್ಮಣ್ಣ," ಎಂದರು ನಮ್ಮವರು. "ಪಿಚ್ಚರಿನ್ಯಾಗ ಒಬ್ಬ ಹಗ್ಗದ ಮ್ಯಾಲ ನಿಂತದ್ದು ನೋಡಿ ನನಗ ಅವನ ನೆನಪಾದ. ಅವನ ಮಾತು ಈ ಕಳ್ಳನ ಬಾಯಾಗ ಹಾಕಿದೆ."

ಈರಣ್ಣ ತಲೆ ತಗ್ಗಿಸಿ ಒಂದೆರಡು ನಿಮಿಷ ಚಾಪೆಯ ಎಳೆ ಕಿತ್ತರು. ಆಮೇಲೆ ಕೆನ್ನೆ ಒರೆಸಿಕೊಂಡರು.

"ಮಾತು ಖರೇ ಐತಲ್ರಿ ಮತ್ತ," ಎಂದರು. "ಪಿಚ್ಚರ್ ಸುಳ್ಳಿದ್ರ ಇರ್ಲಿ. ನಡಸ್ರಿ."

ನಮ್ಮವರು ಮತ್ತೆ ಕತ್ತಲಿಗೆ ಹೋದರು. ಮೀಸೆಯವನು ಹಗ್ಗ ಕಡಿದ. ಭೋಂಗಾ ಆ ಮಾತು ಹೇಳಿತು. ಮುಂದಿನ ಚಾಪೆಯಲ್ಲಿ ಪ್ಲಾಂಟಿನ ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಅವರಲ್ಲಿ ಎಷ್ಟು ಜನ ಯಾರ ಯಾರಿಗೆ ಆ ಮಾತು ಹೇಳಿ ಬಂದವರೋ ನನಗೆ ತಿಳಿಯದು.

ಶನಿವಾರ

ನಲವತ್ತಾರು ವರ್ಷ ನಾನು ಇವರ ಈ ಅಣ್ಣನನ್ನು, ನಮ್ಮ ಭಾವನವರನ್ನು, ಮಾತಿಲ್ಲದ ಮನುಷ್ಯ, ಮುಖದ ಮೇಲೆ ನಗು ಬಿದ್ದರೆ ಸುಂಕ ಕೊಡಬೇಕೇನೋ ಎಂದು ಆಡಿಕೊಂಡವಳು. ಹಬ್ಬಕ್ಕೆ ಹೋದರೆ ಊಟವಾಯಿತೇ ಎಂದು ಒಂದು ಮಾತು ಕೇಳಿ ಮಗ್ಗಕ್ಕೆ ಇಳಿದುಬಿಡುತ್ತಿದ್ದರು. ಇಂಗ್ಲಿಷ್ ಕಲಿತ ಸೊಸೆ ಎಂದು ನನ್ನ ಮೇಲೆ ಅಸಮಾಧಾನ ಎಂದುಕೊಂಡಿದ್ದೆ. ಅವರು ಮೆಟ್ರಿಕ್ ಬಿಟ್ಟ ಕತೆಯನ್ನು ಆ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನನ್ನ ಗಂಡ ಅದನ್ನು ನನಗೆ ಹೇಳುವ ಮೊದಲು ಕತ್ತಲಲ್ಲಿ ಸಾವಿರ ಜನಕ್ಕೆ ಹೇಳಿದ್ದರು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಬೆಳಿಗ್ಗೆ ಈರಣ್ಣನನ್ನು ವಿಮಾನಕ್ಕೆ ಬಿಟ್ಟು ಬಂದ ಮೇಲೆ ನಾನೇ ಭಾವನವರಿಗೆ ವಿಡಿಯೋ ಫೋನು ಹಚ್ಚಿದೆ. ಮೊಮ್ಮಗಳು ಹ್ಯಾಂಡ್‌ಸೆಟ್ ಹಿಡಿದಿದ್ದಳು. ಎಪ್ಪತ್ತೆಂಟು ವರ್ಷ, ಕಣ್ಣಿಗೆ ಪೊರೆ ಬಂದು ಫೋನಿನಲ್ಲಿ ನಮ್ಮ ಮುಖ ಕಾಣುವುದಿಲ್ಲ, ಕಿವಿ ಮಾತ್ರ ಚುರುಕು. ನಾನು ಎಲ್ಲ ಹೇಳಿದೆ. ಮೊಸಳೆ ಪಿಚ್ಚರಿನಲ್ಲಿ ನಿಮ್ಮ ಮಾತನ್ನೇ ಇಟ್ಟಿದ್ದಾರಂತೆ, ನಿನ್ನೆ ಅರವತ್ತು ಜನರ ಮುಂದೆ ಅದು ನಮ್ಮಣ್ಣನ ಮಾತು ಎಂದರು, ನಿಮಗೆ ಈ ಸಂಗತಿ ಗೊತ್ತೇ ಇಲ್ಲವಲ್ಲ ಎಂದೆ. ನಮ್ಮವರು ಪಕ್ಕದಲ್ಲಿ ತಪ್ಪು ಮಾಡಿದವರಂತೆ ಕೂತಿದ್ದರು.

ಭಾವನವರು ಕಿವಿಯನ್ನು ಫೋನಿನ ಹತ್ತಿರ ತಂದರು.

"ಗೊತ್ತೈತೆವ್ವಾ," ಎಂದರು. "ಆ ಪಿಚ್ಚರ್ ನಾ ಮೂರು ಸಲ ನೋಡೇನಿ. ಹಿಂದ ಟೆಂಟಿನ ಕಂಬದ ಹಂತ್ಯಾಕ ಕುಂಡ್ರತಿದ್ದೆ."

ನಮ್ಮವರು ನನ್ನ ಕೈಯಿಂದ ಫೋನು ಇಸಿದುಕೊಂಡರು. "ನನಗ ಯಾಕ ಹೇಳಲಿಲ್ಲಣ್ಣಾ?"

"ನೀ ಹೇಳಾಕತ್ತಿದ್ದೆಲ್ಲೋ. ನಾ ಕೇಳಾಕ ಬಂದಿದ್ದೆ."

ನಮ್ಮವರು ತುಟಿ ಕಚ್ಚಿ ಫೋನನ್ನು ನನ್ನ ಕೈಗಿಟ್ಟು ಗೋಡೆಯ ಕಡೆ ತಿರುಗಿದರು. ಆ ಕಡೆಯಿಂದ ಭಾವನವರು, ಯಾಕೆ ಸುಮ್ಮನಾದ, ಏನಾಯಿತು, ನನಗೆ ಕಾಣುವುದಿಲ್ಲ ಎಂದು ಕೇಳುತ್ತಿದ್ದರು.

"ಅಳಾಕತ್ತಾರ್ರಿ ಭಾವಾ," ಎಂದೆ. "ಅಂಗಿ ತೋಳಿನಿಂದ ಕಣ್ಣು ಒರಸಿಕೊಳ್ಳಾಕತ್ತಾರ. ಈಗ ನಿಮ್ಮ ಕಡೆ ತಿರುಗಿದ್ರು ನೋಡ್ರಿ."